ಎಡಗೈಯದು

ಸಿಬ್ಬಂದಿ ಮನೆಗೆ ಹೋದಮೇಲೂ
ಕಾರ್ಡು ತೋರಿಸಿದರೆ ಬಾಗಿಲು ತೆರೆಯುತ್ತದೆ
ಕೆಮಿಯಾರ್ವಿಯ ಗ್ರಂಥಾಲಯ.
ಮೂರು ಗಂಟೆಗೇ ಕತ್ತಲು. ಹೊರಗೆ ಮೈನಸ್ ಇಪ್ಪತ್ತಾರು.

ತೆಲ್ಲೆರ್ವೊ ಬಂದದ್ದು ಹೊಲಿಗೆ ಯಂತ್ರಕ್ಕೆ.
ಇಲ್ಲಿ ಅದನ್ನೂ ಕೊಡುತ್ತಾರೆ; ಡ್ರಿಲ್ಲು, ಹಿಮದ ಬೂಟು ಕೂಡ.
ಯಂತ್ರ ಆರರವರೆಗೆ ಯಾರದೋ ಹೆಸರಲ್ಲಿದೆ.
ಅಲ್ಲೀತನಕ ಏನಾದರೂ ಬೇಕಲ್ಲ.
ಹಳೇ ಪತ್ರಿಕೆಗಳೆಲ್ಲ ಪರದೆಯೊಳಗಿವೆಯೆಂದು
ಸೊಯ್ಲಾ ಹೋದ ವಾರ ತೋರಿಸಿದ್ದಳು,
ದಪ್ಪಕ್ಷರದಲ್ಲಿ ಚೀಟಿಯನ್ನೂ ಅಂಟಿಸಿದ್ದಳು: ಇಲ್ಲಿ ಒತ್ತಿ.

ಒತ್ತಿದಳು. ಬಲಗೈಯ ಒಂದೇ ಬೆರಳಲ್ಲಿ
ಹುಡುಕಿ ಹುಡುಕಿ ಅಮ್ಮನ ಹೆಸರು.
ಸಿಕ್ಕಿದ್ದು ಒಂದೇ.
ಐವತ್ತೆಂಟನೇ ಇಸವಿ, ಅಕ್ಟೋಬರ್,
ಮಾರಾಟಕ್ಕಿರುವ ಕುದುರೆಗೂ ಹಲ್ಲಿನ ವೈದ್ಯರಿಗೂ ನಡುವೆ
ಮೈ ಹಿಡಿಮಾಡಿಕೊಂಡು ಕೂತ ಮೂರು ಸಾಲು:

ಕಳೆದಿದೆ. ಮಗುವಿನ ಕೆಂಪು ಕೈಗವಸು, ಎಡಗೈಯದು.
ಸಿಕ್ಕವರು ಗಿರಣಿಯ ಅಡುಗೆಮನೆಯಲ್ಲಿ
ಹಿಲ್ಯಾ ವಾರಾಲಾಗೆ ತಿಳಿಸಿ.

ಕಳೆದದ್ದಲ್ಲ.
ತೇಲುತ್ತದೋ ನೋಡೋಣವೆಂದು
ಸೇತುವೆ ಮೇಲಿಂದ ತಾನೇ ಎಸೆದದ್ದು.
ಅಮ್ಮ ಅಂದು ಬೈಯಲಿಲ್ಲ. ಸಾಲಿಗಿಷ್ಟೆಂದು
ಕಾಸು ತೆತ್ತದ್ದನ್ನೂ ಹೇಳಲಿಲ್ಲ.

ಪ್ರಿಂಟಿಗೆ ಮೂವತ್ತು ಸೆಂಟು.
ಯಂತ್ರ ಖಾಲಿಯಾಯಿತು, ಬನ್ನಿ, ಎಂದ ಹುಡುಗ.
ಇನ್ನೊಂದು ಹತ್ತು ನಿಮಿಷ, ಎಂದಳು,
ಎಡಗೈಯನ್ನು ಜೇಬಿನಿಂದ ತೆಗೆಯದೆ.