ಪೆಟ್ಲುಪ್ಪು

ಬಸಿಲಿಯೊ ಚೋಕೆಗೆ ಎಡಗಿವಿ ಕೇಳದು.
ಬಲಗಿವಿಯನ್ನು ಬತ್ತಿಯ ಹತ್ತಿರ ಹಿಡಿದು
ಕೆಂಡದ ತುದಿಗೆ ಚಿಟಿಕೆ ಮಣ್ಣು ಉದುರಿಸುತ್ತಾನೆ.
ಚಿಟಿಚಿಟಿ ಅಂದರೆ, ಇಲ್ಲಿ ಅಗೆಯಿರಿ.
ಸುಮ್ಮನಿದ್ದರೆ ಬರೀ ಮಣ್ಣು, ಮುಂದೆ ನಡೆಯಿರಿ.
ಇಷ್ಟೇ ಅವನ ಪ್ರಯೋಗಶಾಲೆ:
ಹಗ್ಗದ ತುಂಡು, ಬೆಂಕಿ, ಉಳಿದೊಂದು ಕಿವಿ.

ಅಟಕಾಮದಲ್ಲಿ ಮಳೆಯೆಂದರೆ ಅಜ್ಜಿಯರೂ ಕಾಣದ ಸಂಗತಿ.
ಅದಕ್ಕೇ ಉಳಿದಿದೆ ಈ ಉಪ್ಪು.
ನಾಲ್ಕು ಮಳೆಗಾಲ ಬಿದ್ದಿದ್ದರೆ
ಎಂದೋ ಕರಗಿ ಕಡಲ ಪಾಲಾಗುತ್ತಿತ್ತು.

ಉಪ್ಪು ಕೀಳಲು ಉಪ್ಪೇ ಮದ್ದು ಇಲ್ಲಿ.
ನೆಲಕ್ಕೆ ಕಿರಿದಾದ ತೂತು ಕೊರೆದು
ಮದ್ದಿನ ಗೂಡು ತೋಡಲು ಹುಡುಗರನ್ನು ಇಳಿಸುವರು.
ಮೊದಲು ಬಸಿಲಿಯೊ;
ಅವನ ಭುಜ ಅಗಲವಾದ ಮೇಲೆ ತಮ್ಮ ಫೌಸ್ತೊ.
ಒಂದು ದಿನ ಬುಟ್ಟಿ ಮಾತ್ರ ಮೇಲೆ ಬಂತು, ಹಿಂದೆಯೇ ಸದ್ದು.

ಆ ಸದ್ದೇನೆಂದು ನನಗೆ ಪುಸ್ತಕ ಹೇಳಿತು,
ಅವನಿಗೆ ಯಾರೂ ಹೇಳಲಿಲ್ಲ.
ಗಾಳಿಯಲ್ಲಿ ಸಾರಜನಕ ಯಾವಾಗಲೂ ಜೋಡಿ.
ನಡುವೆ ಮೂರು ಗಂಟು, ತಾಳಿಗೆ ಹಾಕುವ ಹಾಗೆ,
ಆದರೆ ಯಾವ ಜಗಳಕ್ಕೂ ಬಿಚ್ಚದ್ದು.
ಉಸಿರಿನ ಐದರಲ್ಲಿ ನಾಲ್ಕು ಪಾಲು ಅದೇ.
ಒಳಗೆ ಬರುತ್ತದೆ, ಎದೆಯನ್ನೆಲ್ಲ ನೋಡುತ್ತದೆ,
ಏನನ್ನೂ ಮುಟ್ಟದೆ ಹೊರಡುತ್ತದೆ.

ಉಪ್ಪಿನಲ್ಲಿ ಅದು ಒಂಟಿ.
ಮೂರು ಆಮ್ಲಜನಕಗಳ ನಡುವೆ ಕೂರಿಸಿದ್ದಾರೆ,
ಉಪಚಾರಕ್ಕೇನೂ ಕಡಿಮೆಯಿಲ್ಲ,
ಕಣ್ಣು ಮಾತ್ರ ಬಾಗಿಲ ಕಡೆಗೆ.
ಇದ್ದಿಲು, ಗಂಧಕ, ಒಂದು ಕಿಡಿ ಸಿಕ್ಕಿತೋ,
ಜೊತೆಗಿದ್ದವರನ್ನು ಇದ್ದಿಲಿಗೆ ಒಪ್ಪಿಸಿ
ಒಂಟಿ ಇನ್ನೊಂದು ಒಂಟಿಯನ್ನು ಹುಡುಕಿ ಓಡುತ್ತದೆ.
ಮತ್ತೆ ಮೂರು ಗಂಟು ಬೀಳುವ ಗಳಿಗೆಯಲ್ಲಿ
ಹೊಮ್ಮಿದ ಬಿಸಿಗೆ ನೆಲವೇ ಎದ್ದು ಕೂರುತ್ತದೆ.
ಮದುವೆಯ ಸದ್ದದು, ಸಾವಿನದಲ್ಲ,
ಎಂದು ನಾನು ದೂರ ಕೂತು ಅನ್ನಬಹುದು.
ಫೌಸ್ತೊನ ಅಣ್ಣನೆದುರು ಅನ್ನಲಾರೆ.

ಹಡಗೇರಿದ ಮೂಟೆಗಳಿಗೆ ಜಾತಿಯಿರಲಿಲ್ಲ.
ಇದು ಗೋಧಿಯ ಬೇರಿಗೆ, ಅದು ತೋಪಿನ ಗಂಟಲಿಗೆ.

ಇಕೀಕೆಯಿಂದ ಬಂದ ಗಾಡಿಯವ ಹೇಳಿದ:
ಜರ್ಮನಿಯಲ್ಲಿ ಈಗ ಗಾಳಿಯನ್ನೇ ಅಗೆಯುತ್ತಾರಂತೆ.
ಕಾದ ಕಬ್ಬಿಣದ ಮೇಲೆ ಅದುಮಿ ಅದುಮಿ
ಗಂಟು ಬಿಡಿಸುತ್ತಾರಂತೆ.
ಊಟದ ಮನೆ ಗೊಳ್ಳೆಂದಿತು.
ಸಾರು ಬಡಿಸುತ್ತಿದ್ದ ಎರ್ಮಿನಿಯಾ ಕೇಳಿದಳು,
"ಗಾಳಿಗೆ ಕೂಲಿ ಹೇಗೆ, ನಾಣ್ಯವೋ,
ನಮ್ಮ ಹಾಗೆ ಕಂಪನಿಯ ಬಿಲ್ಲೆಯೋ?"

ನಗು ಎಷ್ಟು ವರ್ಷ ಬಾಳಿತೋ.
ಹೊಗೆಕೊಳವೆ ತಣ್ಣಗಾಯಿತು,
ಬಾಗಿಲುಗಳನ್ನು ಹಲಗೆಯ ಬೆಲೆಗೆ ಮಾರಿದರು.

ಕೊನೆಯ ರೈಲಿಗೆ ಇನ್ನೂ ಹೊತ್ತಿತ್ತು.
ಬಸಿಲಿಯೊ ಹಳಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು
ಬತ್ತಿ ಹೊತ್ತಿಸಿದ, ಚಿಟಿಕೆ ಉದುರಿಸಿದ.
"ಮೊದಲ ದರ್ಜೆ" ಅಂದ, ಯಾರಿಗೂ ಅಲ್ಲ.
ಇನ್ನೊಂದು ಚಿಟಿಕೆ ಹಾಕಿ,
ಈ ಸಲ ಎಡಗಿವಿಯನ್ನು ಹತ್ತಿರ ತಂದ.