ಪದಸೂಚಿ

ಪುಸ್ತಕದ ಬೆನ್ನಿಗಂಟಿದ ಕೊನೆಯ ಹಾಳೆಗಳು,
ಯಾರೂ ಓದದವು, ಎಲ್ಲರೂ ತಡಕಾಡುವವು,
ಅವನ್ನು ಬರೆಯುವುದು ಎಲೊಯಿನಾಳ ಹೊಟ್ಟೆಪಾಡು.
ಪುಟಕ್ಕೆ ಎರಡೂವರೆ ಯೂರೋ. ರಜೆಯಿಲ್ಲ, ಒಳಪುಟದಲ್ಲಿ ಹೆಸರೂ ಇಲ್ಲ.
ಆಸ್ಟೂರಿಯಸ್ಸಿನ ಗಣಿ ಕಣಿವೆ, ನಾಲ್ಕನೆಯ ಮಹಡಿ.
ಕಿಟಕಿಯಾಚೆ ಮುಚ್ಚಿದ ಗಣಿಯ ಕಬ್ಬಿಣದ ಗೋಪುರ,
ಅದರ ಚಕ್ರದಲ್ಲೀಗ ಪಾರಿವಾಳಗಳ ಸಂಸಾರ.

ಈ ಚಳಿಗಾಲ ಮೂರು ಪುಸ್ತಕ ಒಂದೇ ಡಬ್ಬದಲ್ಲಿ ಬಂದವು:
ನೀರಿಗೆ ಮರಳಿದ ಪ್ರಾಣಿಗಳ ವಿಕಾಸ;
ಕಲ್ಲಿದ್ದಲ ನಾಡಿನ ಕಾರ್ಮಿಕ ನೀತಿ, ಐವತ್ತು ವರ್ಷದ್ದು;
ಬೆಟ್ಟದ ನೆತ್ತಿಯ ಗಾಳಿ, ವಿದ್ಯುತ್ತು.
ಮೂರಕ್ಕೂ ಗಡುವು ಫೆಬ್ರವರಿಯ ಕೊನೆ.

ಮೊದಲು ತಿಮಿಂಗಿಲ.
ಅದಕ್ಕೊಮ್ಮೆ ಕಾಲಿತ್ತು. ನಾಯಿಯಷ್ಟು ಎತ್ತರ,
ಕೆಸರಿನಂಚಲ್ಲಿ ನಿಂತು ಮೀನಿಗೆ ಕಾಯುತ್ತಿತ್ತು.
ಅವಳು ಬರೆದಳು:
    ಕಾಲು, ಹಿಂದಿನ, ಕಿರಿದಾದದ್ದು, ೬೧–೭೪
    ಕಾಲು, ಹಿಂದಿನ, ಕಾಣೆಯಾದದ್ದು, ೮೮
    ಸೊಂಟದ ಮೂಳೆ, ಉಳಿದದ್ದು, ಯಾತಕ್ಕೆಂಬ ವಿವಾದ, ೯೦, ೯೩
ಬೆನ್ನೆಲುಬಿಗೂ ತಾಗದೆ ಮಾಂಸದೊಳಗೆ ತೇಲುವ
ಆ ಮೂಳೆಯ ಚಿತ್ರ ನೋಡುತ್ತ ನೋಡುತ್ತ
ಕಾಫಿ ಆರಿಹೋಯಿತು.

ಗಾಳಿಯ ಪುಸ್ತಕ ಸಲೀಸು. ಬರೆದವನಿಗೆ ಅನುಮಾನವೇ ಇಲ್ಲ.
    ರೆಕ್ಕೆ, ಉದ್ದ. ರೆಕ್ಕೆ, ತೂಕ. ರೆಕ್ಕೆ, ಸವೆದ ಮೇಲೆ ಹೂಳುವುದು.
    ರಣಹದ್ದು, ನೋಡಿ: ಡಿಕ್ಕಿ.
    ಡಿಕ್ಕಿ, ನೋಡಿ: ಅಂದಾಜು ನಷ್ಟ.
ಅಂದಾಜು ನಷ್ಟದ ಪುಟದಲ್ಲಿ ಹದ್ದಿರಲಿಲ್ಲ.

ರಾತ್ರಿ ದೂರದ ಬೆಟ್ಟದ ಮೇಲೆ ಕೆಂಪು ದೀಪಗಳು
ಒಟ್ಟಿಗೇ ಹತ್ತುತ್ತವೆ, ಒಟ್ಟಿಗೇ ಆರುತ್ತವೆ.
ಕೆಳಮನೆಯ ಸೆಲೆಡೋನಿಯೊ ಮೆಟ್ಟಿಲಲ್ಲಿ ಸಿಕ್ಕಾಗೆಲ್ಲ ಅನ್ನುತ್ತಾನೆ:
"ಅಲ್ಲಿ ಕೆಲಸಕ್ಕಿರೋರು ಇಬ್ಬರು, ಒಬ್ಬ ನನ್ನ ಮೊಮ್ಮಗ.
ನಾವು ಎರಡು ಸಾವಿರ ಜನ ಕೆಳಗಿಳೀತಿದ್ವಿ,
ಅವನು ಮೇಲಕ್ಕೆ ಹತ್ತತಾನೆ.
ಹಗ್ಗ ಮಾತ್ರ ಅದೇ."

ಕಾರ್ಮಿಕ ನೀತಿಯನ್ನು ಕೊನೆಗೆ ಇಟ್ಟುಕೊಂಡಿದ್ದಳು
ಮೀನಿನ ಮುಳ್ಳನ್ನು ತಟ್ಟೆಯಂಚಿಗೆ ಸರಿಸಿದ ಹಾಗೆ.
ಆರುನೂರು ಪುಟ. ಕೋಷ್ಟಕದ ಬೆನ್ನಿಗೆ ಕೋಷ್ಟಕ.
ಮುಷ್ಕರ ಇತ್ತು. ಮಂತ್ರಿಗಳ ಹೆಸರು ಸಾಲುಸಾಲು ಇತ್ತು.
ಕೆಮ್ಮು ಇರಲಿಲ್ಲ.
'ಶ್ವಾಸಕೋಶದ ಅಸಾಮರ್ಥ್ಯ' ಇತ್ತು:
ಪುಟ ೪೧೨, ಕೋಷ್ಟಕ ೩೭, ಮೂರನೆಯ ಸಾಲು,
ತಿರಸ್ಕೃತ ಅರ್ಜಿಗಳು, ೧,೯೦೬.

ಅಪ್ಪ ಆ ವರ್ಷವೆಲ್ಲ ಕುರ್ಚಿಯಲ್ಲೇ ನಿದ್ದೆ ಮಾಡಿದ;
ಅಡ್ಡಾದರೆ ಉಸಿರು ಕೈಗೆ ಸಿಗುತ್ತಿರಲಿಲ್ಲ.
ಅವನ ಕರವಸ್ತ್ರಗಳಿಗೆ ಅಮ್ಮ ಬೇರೆಯೇ ಬಕೆಟ್ಟು ಇಟ್ಟಿದ್ದಳು.
ಎಕ್ಸ್‌ರೇ ಕಂಕುಳಲ್ಲಿಟ್ಟು ಓವಿಯೆದೊಗೆ ಮೂರು ಸಲ ಬಸ್ಸು ಹತ್ತಿದ.
"ಎರಡನೆಯ ದರ್ಜೆಗೆ ಸ್ವಲ್ಪ ಕಡಿಮೆ" ಅಂದರಂತೆ.
ಸ್ವಲ್ಪ ಅಂದರೆ
ಒಂದು ಚಿಟಿಕೆ ದೂಳು ಇರಬೇಕು.

ಪದಸೂಚಿಗೂ ಒಂದು ಧರ್ಮವಿದೆ:
ಪುಸ್ತಕದಲ್ಲಿಲ್ಲದ್ದನ್ನು ಸೇರಿಸಕೂಡದು.
ಮೂವತ್ತೊಂದು ವರ್ಷ ಅವಳು ಮೀರಿದವಳಲ್ಲ.
ಅವತ್ತು,
ಬಾರ್ಸಿಲೋನಾದ ಬಂದರು ಮುಷ್ಕರಕ್ಕೂ
ಬೆಲ್ಜಿಯಮ್ಮಿನ ವಲಸೆ ಕೂಲಿಗೂ ನಡುವೆ,
ಮನೆತನದ ಹೆಸರಿಲ್ಲದೆ, ಅಮ್ಮ ಕೂಗುತ್ತಿದ್ದ ಹಾಗೇ:
    ಬೆಲಾರ್ಮಿನೊ, ೪೧೨

ಒಂಬತ್ತು ದಿನದ ಮೇಲೆ ಫೋನು.
ಹೊಸ ಸಂಪಾದಕಿ, ಎಳೆಯ ದನಿ:
"ನಾನೂರ ಹನ್ನೆರಡರಲ್ಲಿ ಹುಡುಕಿದೆ. ಆ ಹೆಸರಿನವರು ಯಾರೂ ಇಲ್ಲ."
"ಕೋಷ್ಟಕದಲ್ಲಿ ನೋಡಿ."
"ಅಲ್ಲಿರೋದು ಬರೀ ಅಂಕಿ."
"ಮೂರನೆಯ ಸಾಲು. ಸಾವಿರದ ಒಂಬೈನೂರು ಬಿಡಿ.
ಉಳಿದ ಆರರಲ್ಲಿ ಒಬ್ಬ."

ಆ ತುದಿಯಲ್ಲಿ ಹಾಳೆ ಮಗುಚಿದ ಸದ್ದು.
ಆಮೇಲೆ ಬಹಳ ಹೊತ್ತು ಏನೂ ಇಲ್ಲ.
ಆಮೇಲೆ ಯಾವುದೋ ಒಂದು ಕೀಲಿ ಒತ್ತಿದ ಸದ್ದು,
ಉಳಿಸಿದ್ದೋ, ಅಳಿಸಿದ್ದೋ.
ಎಲೊಯಿನಾ ಕೇಳಲಿಲ್ಲ.

ಬಾಗಿಲಲ್ಲಿ ಹೊಸ ಡಬ್ಬ ಕಾದಿತ್ತು:
ಪಾಚಿಯ ಬಗ್ಗೆ, ಎಂಟುನೂರು ಪುಟ,
ಪುಟಕ್ಕೆ ಎರಡೂವರೆ.