ಯಾವ ಬಿಳಿ

ವೂಚ್ ನಗರದ ಮುದ್ರಣದಂಗಡಿಯ ಹುಡುಗ
ಮೂರು ಚೀಟಿ ಹರಡಿದ: ಬಿಳಿ, ಕೆನೆ, ದಂತ.
"ನೂರು ಕಾರ್ಡಿಗೆ ಎಪ್ಪತ್ತು ಜ್ಲೋಟಿ. ಯಾವುದಿರಲಿ?"

ಯದ್ವಿಗಾ ಕನ್ನಡಕ ಏರಿಸಿದಳು.
ಮೂವತ್ತೊಂದು ವರ್ಷ ಗಿರಣಿಯ ಬಣ್ಣದ ಕೋಣೆಯಲ್ಲಿ
ನೂಲಿಗೆ ನೂಲು ತಾಳೆ ನೋಡಿದ ಕಣ್ಣು;
ಬೀಗ ಬಿದ್ದು ಎಂಟು ತಿಂಗಳು.
ಹಳೆಯ ಕಾರ್ಡಿನಲ್ಲಿ ಗಿರಣಿಯ ಹೆಸರೇ ದಪ್ಪ,
ಅವಳದು ಇರುವೆ ಸಾಲು.

"ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಮಗಾ.
ಇದರಲ್ಲಿ ನೀಲಿ ಕದ್ದು ಕೂತಿದೆ.
ಇದು ಬಿಸಿಲಿಗೆ ಹಳದಿಗೊಂಡು ತಿಂಗಳಾಯಿತು.
ಇದು... ತಾ, ಕಿಟಕಿ ಹತ್ತಿರ ತಾ."

"ಹೆಸರಿನ ಕೆಳಗೆ ಏನು ಹಾಕಲಿ?" ಅಂದ.

ಉತ್ತರವಿಲ್ಲ.
ಟ್ರಾಮು ಹಾಯಿತು. ಚೀಟಿ ಓರೆ ಹಿಡಿದು
ಅದರ ಮೇಲೆ ಬೆಳಕು ಜಾರುವುದನ್ನೇ
ನೋಡುತ್ತಿದ್ದಳು ಅವಳು.
ಹುಡುಗ ಬಾಗಿಲ ಫಲಕ ತಿರುಗಿಸದೆ ಕಾದ.